ವಿಂಡೋಸ್ 10ರಿಂದ ಲಿನಕ್ಸ್ ಮಿಂಟ್‌ಗೆ ಹೋಗುವ ಮುನ್ನ ಮನೆಯ ಕಂಪ್ಯೂಟರಿನಲ್ಲಿ ಏನೇನು ಸಿದ್ಧಪಡಿಸಿಕೊಳ್ಳಬೇಕು?

ಆರನೇ ತಲೆಮಾರಿನ ಐ5 ಪ್ರೊಸೆಸರ್ ಮತ್ತು 8 ಜಿಬಿ ರ್‍ಯಾಮ್ ಇರುವ ಡೆಸ್ಕ್‌ಟಾಪನ್ನು ವಿಂಡೋಸ್ ಬದಲಿಗೆ ಬಳಸುವ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ಗೆ ಬದಲಿಸಬೇಕೆಂದಿದ್ದೀರಿ. ನಿಮ್ಮ ತಂದೆಯವರು ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿ ಅನೇಕ ವರ್ಷಗಳಿಂದ ಬರೆದ ಲೇಖನಗಳೂ ಅದರಲ್ಲಿವೆ ಎಂದಿದ್ದೀರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರುಗಳನ್ನು. ಆದ್ದರಿಂದ ನಿಮ್ಮ ನಿರ್ಧಾರ ಸರಿಯಾಗಿದೆ, ಮಿಂಟ್‌ಗೆ ಆ ಯಂತ್ರ ಧಾರಾಳವಾಗಿ ಸಾಕು. ಆದರೆ ಸಿದ್ಧತೆ ಶುರುವಾಗಬೇಕಾದದ್ದು ತಂದೆಯವರ ಲೇಖನಗಳಿಂದ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ತಾಯಿಯವರ ಕಂಪ್ಯೂಟರನ್ನು ಬದಲಿಸುವಾಗ ಕಡತಗಳನ್ನೆಲ್ಲ ನಕಲು ಮಾಡಿಕೊಂಡೆ, ಫಾಂಟುಗಳನ್ನು ಮರೆತೆ. ಹೊಸ ವ್ಯವಸ್ಥೆಯಲ್ಲಿ ಕಡತ ತೆರೆದಾಗ ಒಂದು ಕನ್ನಡ ಅಕ್ಷರವೂ ಕಾಣಿಸದೆ, ತಲೆಯ ಮೇಲೆ ಚಿಹ್ನೆಗಳನ್ನು ಹೊತ್ತ ಲ್ಯಾಟಿನ್ ಅಕ್ಷರಗಳ ಸಾಲುಗಳು ಕಂಡವು. ಹಳೆಯ ನುಡಿ ಫಾಂಟುಗಳಲ್ಲಿ ಕಡತದೊಳಗೆ ಉಳಿಯುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳೇ. ಫಾಂಟು ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ತೋರಿಸುತ್ತದೆ, ಅಷ್ಟೆ. ಫಾಂಟು ಇಲ್ಲದಿದ್ದರೆ ಓದಲಾಗದು, ಇದ್ದರೂ ಕಡತದಲ್ಲಿ ಕನ್ನಡ ಪದವನ್ನು ಹುಡುಕಲಾಗದು.

ಆದ್ದರಿಂದ ವಿಂಡೋಸ್ ಇನ್ನೂ ಇರುವಾಗಲೇ ಮೂರು ಕೆಲಸ ಮುಗಿಸಿ. ನುಡಿ ಫಾಂಟುಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಮುಖ್ಯ ಲೇಖನಗಳನ್ನು ಪಿಡಿಎಫ್ ಆಗಿಯೂ ಉಳಿಸಿ, ಮುಂದೆ ಅನುಮಾನ ಬಂದಾಗ ಮೂಲ ಹೇಗಿತ್ತೆಂದು ನೋಡಲು ಅದು ಬೇಕಾಗುತ್ತದೆ. ಆಮೇಲೆ ನುಡಿಯೊಡನೆ ಬರುವ ಪರಿವರ್ತಕದಿಂದ ಲೇಖನಗಳನ್ನು, ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವ ಯೂನಿಕೋಡ್‌ಗೆ ಬದಲಿಸಿ, ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಪರಿವರ್ತನೆಯಾದ ಮೇಲೆ ತಂದೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವುದು ಒಳ್ಳೆಯದು: ‘ಸೂರ್ಯ’, ‘ಕಾರ್ಯ’ದಂಥ ಪದಗಳ ಅರ್ಕಾವತ್ತು, ಎರಡೆರಡು ಒತ್ತಕ್ಷರಗಳು ಸೇರುವ ಪದಗಳು, ನಡುವೆ ಬಂದ ಇಂಗ್ಲಿಷ್ ಮಾತುಗಳು ಕೆಡುವುದುಂಟು. ಇಂಗ್ಲಿಷ್ ಪದವನ್ನೂ ನುಡಿಯ ಸಂಕೇತವೆಂದೇ ತಿಳಿದು ಪರಿವರ್ತಕವು ಅದನ್ನು ಅರ್ಥವಿಲ್ಲದ ಕನ್ನಡವಾಗಿಸಬಹುದು. ಈ ಕೆಲಸಕ್ಕೆ ಕೆಲವು ವಾರಗಳೇ ಹಿಡಿದರೂ ಅವಸರ ಬೇಡ.

ತಂದೆಯವರ ಬೆರಳಿನ ಅಭ್ಯಾಸದ ಬಗ್ಗೆ ನೀವು ಚಿಂತಿಸಬೇಕಿಲ್ಲ. ನುಡಿಯಲ್ಲಿ ಬಳಸುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಬೇರೆ ಬೇರೆ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಐಬಸ್ (IBus) ಮತ್ತು ಅದರ ಎಂ17ಎನ್ (m17n) ಭಾಗವನ್ನು ಹಾಕಿಕೊಂಡರೆ ಕನ್ನಡದ ಪಟ್ಟಿಯಲ್ಲಿ ಅದೇ ವಿನ್ಯಾಸದ ಕೆಜಿಪಿ (kgp) ಎಂಬ ಆಯ್ಕೆ ಸಿಗುತ್ತದೆ.

ಇನ್ನು ಯಂತ್ರದ ವಿಷಯ. 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ಬರೆದು, ಏನನ್ನೂ ಸ್ಥಾಪಿಸದೆ ಅದರಿಂದಲೇ ಕಂಪ್ಯೂಟರ್ ಶುರು ಮಾಡಿ ವೈಫೈ, ಧ್ವನಿ, ಪ್ರಿಂಟರ್ ಇವನ್ನು ಪರೀಕ್ಷಿಸಿ. ಪ್ರಿಂಟರಿನ ಮಾದರಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂಬುದು ಆಗಲೇ ತಿಳಿಯುತ್ತದೆ. ಮನೆಯಲ್ಲಿ ಯಾರಾದರೂ ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಿದ್ದರೆ ಅಥವಾ ಯುಎಸ್‌ಬಿ ಟೋಕನ್ ಬಳಸಿ ಡಿಜಿಟಲ್ ಸಹಿ ಹಾಕುತ್ತಿದ್ದರೆ ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಹೊರತೆಗೆದಿಟ್ಟುಕೊಳ್ಳಿ. ಕಡತಗಳನ್ನು ಅಂತರಜಾಲದಲ್ಲಿ ಇಡುವ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಬಳಸುತ್ತಿದ್ದರೆ ಕೆಲವು ಕಡತಗಳು ಡಿಸ್ಕಿನಲ್ಲಿ ಇಲ್ಲದೆ ಹೆಸರು ಮಾತ್ರ ಕಾಣಿಸುತ್ತಿರಬಹುದು, ಅವನ್ನು ಪೂರ್ತಿ ಇಳಿಸಿಕೊಳ್ಳಿ. ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಿ, ಬೇರೊಂದು ಕಂಪ್ಯೂಟರಿನಲ್ಲಿ ನಾಲ್ಕಾರು ಕಡತ ತೆರೆದು ನೋಡಿದ ಮೇಲೆಯೇ ನಕಲು ಆಗಿದೆ ಎಂದು ನಂಬಿ.

ಒಂದೇ ಡಿಸ್ಕಿನಲ್ಲಿ ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಳ್ಳಲು ಅನೇಕರು ಸಲಹೆ ಕೊಡುತ್ತಾರೆ. ನಿಮ್ಮ ಪರಿಸ್ಥಿತಿಯಲ್ಲಿ ನಾನು ಹಾಗೆ ಹೇಳಲಾರೆ, ಏಕೆಂದರೆ ವಿಭಾಗಗಳನ್ನು ಹೊಂದಿಸುವಾಗ ಒಂದು ತಪ್ಪು ಆಯ್ಕೆಯಾದರೂ ಲೇಖನಗಳು ಅಳಿಸಿಹೋಗಬಹುದು. 256 ಜಿಬಿಯ ಹೊಸ ಎಸ್‌ಎಸ್‌ಡಿ ಕೊಂಡು, ಹಳೆಯ ಡಿಸ್ಕಿನ ಕೇಬಲ್ ಬಿಚ್ಚಿಟ್ಟು, ಹೊಸದರ ಮೇಲೆಯೇ ಮಿಂಟ್ ಹಾಕಿ. ಹಳೆಯದು ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್‌ನಿಂದ ಗೂಢಲಿಪಿಗೊಂಡಿದೆಯೇ ಎಂದು ಬಿಚ್ಚುವ ಮೊದಲೇ ನೋಡಿ, ಆಗಿದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ತಂದೆಯವರು ಎಲ್ಲ ಲೇಖನಗಳನ್ನೂ ಹೊಸ ವ್ಯವಸ್ಥೆಯಲ್ಲಿ ಒಮ್ಮೆ ತೆರೆದು ನೋಡುವವರೆಗೆ ಆ ಡಿಸ್ಕನ್ನು ಬೇರೆ ಯಾವುದಕ್ಕೂ ಬಳಸಬೇಡಿ.