ಸಿಗರೇಟು ಪೊಟ್ಟಣದಲ್ಲಿ ಚಿತ್ರದ ಕಾರ್ಡು ಏಕಿತ್ತು?

19ನೆಯ ಶತಮಾನದ ಅಮೆರಿಕದಲ್ಲಿ ಸಿಗರೇಟು ಪೊಟ್ಟಣದೊಳಗೆ ಚಿತ್ರದ ಕಾರ್ಡು ಇಡುತ್ತಿದ್ದುದು ಸಿಗರೇಟು ಮುರಿಯದಿರಲೆಂದು ಮಾತ್ರವೇ ಎಂದು ಕೇಳಿದ್ದೀರಿ. ಆಗಿನ ಪೊಟ್ಟಣಗಳು ತೆಳುವಾಗಿದ್ದುದರಿಂದ ಒಳಗೊಂದು ರಟ್ಟು ಬೇಕಾಗಿತ್ತು ಎಂಬುದು ನಿಜ. ಆದರೆ ಅದಕ್ಕೆ ಬರಿಯ ರಟ್ಟು ಸಾಕಿತ್ತು. ಅದರ ಮೇಲೆ ಹಲವು ಬಣ್ಣಗಳ ಕಲ್ಲಚ್ಚಿನ ಚಿತ್ರ ಮುದ್ರಿಸುವ ಖರ್ಚನ್ನು ಕಂಪನಿಗಳು ಹೊತ್ತಿದ್ದಕ್ಕೆ ಕಾರಣ, ನನ್ನ ತಿಳಿವಳಿಕೆಯಂತೆ, ಅವುಗಳ ನಡುವಿನ ಪೈಪೋಟಿ.

ನುರಿತ ಕೆಲಸಗಾರರು ಕೈಯಿಂದ ದಿನಕ್ಕೆ ಸುಮಾರು 3,000 ಸಿಗರೇಟು ಸುತ್ತುತ್ತಿದ್ದ ಕಾಲದಲ್ಲಿ, ಜೇಮ್ಸ್ ಬಾನ್ಸ್ಯಾಕ್ 1881ರಲ್ಲಿ ಪೇಟೆಂಟ್ ಪಡೆದ ಯಂತ್ರ ಒಂದು ಲಕ್ಷಕ್ಕೂ ಹೆಚ್ಚು ಸುತ್ತಬಲ್ಲದಾಗಿತ್ತು. ಡರ್ಹ್ಯಾಮ್ ನಗರದ ಸಿಗರೇಟು ತಯಾರಕ ಜೇಮ್ಸ್ ಡ್ಯೂಕ್ ಆ ಯಂತ್ರವನ್ನು ನೆಚ್ಚಿಕೊಂಡ ಮೇಲೆ ಸರಕಿಗೇನೂ ಕೊರತೆಯಿರಲಿಲ್ಲ. ಆದರೆ ಅಮೆರಿಕನ್ನರಲ್ಲಿ ಹೆಚ್ಚಿನವರು ಇನ್ನೂ ತಂಬಾಕು ಜಗಿಯುವವರು, ಪೈಪು ಇಲ್ಲವೇ ಚುಟ್ಟಾ ಸೇದುವವರು. ಒಂದು ಕಂಪನಿಯ ಸಿಗರೇಟಿಗೂ ಇನ್ನೊಂದರದಕ್ಕೂ ಹೆಚ್ಚು ವ್ಯತ್ಯಾಸವಿಲ್ಲದಿದ್ದಾಗ ಗಿರಾಕಿಯನ್ನು ಹಿಡಿದಿಡುವ ಕೆಲಸ ಕಾರ್ಡಿನ ಪಾಲಿಗೆ ಬಂತು.

ರಿಚ್‌ಮಂಡ್ ನಗರದ ಆಲನ್ ಆ್ಯಂಡ್ ಗಿಂಟರ್ ಕಂಪನಿ ಇದರಲ್ಲಿ ಎತ್ತಿದ ಕೈ. 1887ರಲ್ಲಿ ಅದು ಹೊರತಂದ ವಿಶ್ವ ಚಾಂಪಿಯನ್ನರ ಸರಣಿಯಲ್ಲಿ 50 ಕಾರ್ಡುಗಳಿದ್ದು, 10 ಮಂದಿ ಬೇಸ್‌ಬಾಲ್ ಆಟಗಾರರ ಜೊತೆಗೆ ಮುಷ್ಟಿಕಾಳಗದ ಜಾನ್ ಸಲಿವನ್, ಬಂದೂಕಿನ ಗುರಿಗಾರ್ತಿ ಆ್ಯನಿ ಓಕ್ಲಿ ಮುಂತಾದವರೂ ಇದ್ದರು. ಜಾಣತನವಿದ್ದುದು ಕಾರ್ಡಿನ ಬೆನ್ನಿನಲ್ಲಿ: ಸರಣಿಯ ಎಲ್ಲ ಹೆಸರುಗಳನ್ನೂ ಅಲ್ಲಿ ಅಚ್ಚುಹಾಕಿದ್ದರಿಂದ, ಸಿಕ್ಕಿದ್ದಕ್ಕಿಂತ ಸಿಗದಿದ್ದುದೇ ಕೊಂಡವನ ಕಣ್ಣಿಗೆ ಬೀಳುತ್ತಿತ್ತು, ಅದಕ್ಕಾಗಿ ಅವನು ಮತ್ತೊಂದು ಪೊಟ್ಟಣ ಕೊಳ್ಳಬೇಕಿತ್ತು. ಹಕ್ಕಿಗಳು, ಮೂಲನಿವಾಸಿ ಮುಖಂಡರು, ಬಾವುಟಗಳು ಹೀಗೆ ಸರಣಿಗಳು ಬೆಳೆದವು. ನಟಿಯರ ಚಿತ್ರಗಳಂತೂ ಧಾರಾಳವಾಗಿದ್ದವು; ಅವುಗಳ ಬಗ್ಗೆ ಡ್ಯೂಕ್‌ನ ಧರ್ಮಭೀರು ತಂದೆಯೇ 1894ರಲ್ಲಿ ಮಗನಿಗೆ ಪತ್ರ ಬರೆದು ಆಕ್ಷೇಪಿಸಿದ್ದರು.

ನನ್ನ ಮಾತಿಗೆ ದೊಡ್ಡ ಸಾಕ್ಷಿ ಮುಂದಿನ ಬೆಳವಣಿಗೆ. 1890ರಲ್ಲಿ ಐದು ದೊಡ್ಡ ಕಂಪನಿಗಳು ಡ್ಯೂಕ್‌ನ ನೇತೃತ್ವದಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿಯಾಗಿ ಒಂದಾದವು. ಸಿಗರೇಟು ಆಮೇಲೂ ಮುರಿಯುವಂಥದ್ದೇ. ಆದರೂ ಎದುರಾಳಿಗಳಿಲ್ಲದ ಕಾರಣ ಚಿತ್ರದ ಕಾರ್ಡುಗಳು ಬೇಗನೆ ವಿರಳವಾದವು.

ಮೂಲ ಕಾರ್ಡುಗಳನ್ನು ನೋಡಬೇಕೆಂದಿದ್ದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಜಾಲತಾಣದಲ್ಲಿ ಜೆಫರ್ಸನ್ ಬರ್ಡಿಕ್ ಸಂಗ್ರಹವನ್ನು ಹುಡುಕಿ. ಅವರು ಆ ಸಂಸ್ಥೆಗೆ ಕೊಟ್ಟ ಮುದ್ರಿತ ಕಾರ್ಡು, ಚೀಟಿಗಳು ಮೂರು ಲಕ್ಷಕ್ಕೂ ಹೆಚ್ಚು. ಮೇಲೆ ಹೇಳಿದ ಚಾಂಪಿಯನ್ನರ ಸರಣಿಗೆ ಬರ್ಡಿಕ್ ಕೊಟ್ಟ ಗುರುತು ಎನ್28. ಸಂಗ್ರಾಹಕರು ಇಂದಿಗೂ ಅದನ್ನೇ ಬಳಸುತ್ತಾರೆ.