ಗಾಡಿ ಮಾರಾಟವಾಗದಿದ್ದರೂ ಶುಲ್ಕ ಕಟ್ಟಬೇಕಾ?

ಆನ್‌ಲೈನ್ ಹರಾಜಿನಲ್ಲಿ ನಿಮ್ಮ ಕಾರಿಗೆ ರಿಸರ್ವ್ ಬೆಲೆ (ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಅಂತ ನೀವು ಇಡುವ ಕನಿಷ್ಠ ಬೆಲೆ) ಸಿಗದೇ ಹೋದರೂ ದುಡ್ಡು ಕೊಡಬೇಕಾ ಅಂತ ಕೇಳಿದ್ದೀರಿ. ಕೆಲವಕ್ಕೆ ಕೊಡಬೇಕು. ಜಾಹೀರಾತು ಹಾಕುವ ಶುಲ್ಕ, ರಿಸರ್ವ್ ಇಡುವ ಶುಲ್ಕ ಇದ್ದರೆ ಅವು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಕಮಿಷನ್ ಬೀಳುವುದು ಸಾಮಾನ್ಯವಾಗಿ ಮಾರಾಟವಾದರೆ ಮಾತ್ರ. ಹರಾಜು ನಡೆಯುತ್ತಿರುವಾಗ ನೀವೇ ಗಾಡಿ ಹಿಂತೆಗೆದುಕೊಂಡರೆ ದಂಡ ಇದೆಯಾ ಅಂತಲೂ ನೋಡಿಕೊಳ್ಳಿ.

'ಮಾರುವವರಿಗೆ ಉಚಿತ' ಅನ್ನುವುದನ್ನು ಪೂರ್ತಿ ನಂಬಬೇಡಿ. ಅಂಥ ಕಡೆ ಹೆಚ್ಚಾಗಿ ಕೊಳ್ಳುವವರ ಮೇಲೆ ಪ್ರೀಮಿಯಂ, ಅಂದರೆ ಬಿಡ್ ಬೆಲೆಯ ಮೇಲೆ ಹೆಚ್ಚುವರಿ ಶುಲ್ಕ, ಹಾಕಿರುತ್ತಾರೆ. ಅದು ಶೇ. 5 ಇದ್ದು, ಕೊಳ್ಳುವವರ ಬಳಿ ಒಟ್ಟು 4,20,000 ಇದ್ದರೆ, ಅವರು 4,00,000ಕ್ಕೇ ಬಿಡ್ ನಿಲ್ಲಿಸುತ್ತಾರೆ. ಮಿಕ್ಕ 20,000 ನಿಮಗೆ ಬರಬಹುದಾಗಿದ್ದ ದುಡ್ಡೇ.

ರಿಸರ್ವ್ ಲೆಕ್ಕದಲ್ಲಿ ತುಂಬಾ ಜನ ಎಡವುತ್ತಾರೆ. ಕೈಗೆ 3,80,000 ಬೇಕು, ಕಮಿಷನ್ ಶೇ. 5 ಅಂದುಕೊಳ್ಳಿ. ಅದಕ್ಕೆ ಶೇ. 5 ಕೂಡಿಸಿ 3,99,000 ಇಟ್ಟರೆ ಸಾಲದು, ಯಾಕೆಂದರೆ ಕಮಿಷನ್ ಕಡಿಯುವುದು ಅಂತಿಮ ಬೆಲೆಯ ಮೇಲೆ. 3,80,000ವನ್ನು 0.95ರಿಂದ ಭಾಗಿಸಿ, 4,00,000 ಇಡಿ. ಕಮಿಷನ್ ಮೇಲೆ ತೆರಿಗೆ ಬೇರೆ ಇದ್ದರೆ ಇನ್ನಷ್ಟು ಸೇರಿಸಬೇಕು.

ಗೆದ್ದವರು ದುಡ್ಡು ಕೊಡದೆ ಕೈಕೊಟ್ಟರೆ ಕಮಿಷನ್ ತಾನಾಗಿ ರದ್ದಾಗುತ್ತದೆ ಅಂದುಕೊಂಡು ಸುಮ್ಮನಿರಬೇಡಿ. ಎಷ್ಟೋ ಕಡೆ ಗಡುವಿನೊಳಗೆ ನೀವೇ ದೂರು ದಾಖಲಿಸಬೇಕು. ಅವರೊಂದಿಗಿನ ಮಾತುಕತೆಯನ್ನೆಲ್ಲ ಸೈಟಿನ ಮೆಸೇಜಿನಲ್ಲೇ ಇಟ್ಟುಕೊಳ್ಳಿ, ಆಗ ಪುರಾವೆಗೆ ಪರದಾಡಬೇಕಿಲ್ಲ.