ಕುದುರೆಯ ಮುಂಗಾಲಿನ ಸಸ್ಪೆನ್ಸರಿ ಲಿಗಮೆಂಟ್ ಹರಿದು 7 ವಾರವಾಯಿತು, ಈಗ ಕುಂಟುತ್ತಿಲ್ಲ. ಸವಾರಿ ಶುರು ಮಾಡಬಹುದೇ?

ಸದ್ಯಕ್ಕೆ ಹತ್ತಬೇಡಿ. ಬಯಲಿಗಂತೂ ಬಿಡಲೇಬೇಡಿ. ಇನ್ನೂ ಕಾಯಿರಿ ಎಂದು ನಿಮ್ಮ ವೈದ್ಯರು ಹೇಳಿದ್ದು ಸರಿ, ಲಾಯದವರು ಹೇಳಿದ್ದಲ್ಲ.

ನೀವು ಕೊಟ್ಟ ವಿವರ ಇಷ್ಟು: ರೇಸ್ ಬಿಟ್ಟು ಬಂದ 9 ವರ್ಷದ ಥರೋಬ್ರೆಡ್ (ಓಟದ ತಳಿ) ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು ಕುದುರೆ), ಸುಮಾರು 450 ಕೆ.ಜಿ. ತೂಕ, ಬೆಂಗಳೂರಿನ ಹೊರವಲಯದ ಲಾಯ. ಎಡ ಮುಂಗಾಲಿನ ಲಿಗಮೆಂಟಿನ ಮೇಲ್ತುದಿಯಲ್ಲಿ ಗಾಯ ಇದೆಯೆಂದು ಸ್ಕ್ಯಾನ್‌ನಲ್ಲಿ ಗೊತ್ತಾಗಿ 7 ವಾರ. ದಿನಕ್ಕೆರಡು ಸಲ ಹತ್ತತ್ತು ನಿಮಿಷ ಹಿಡಿದು ನಡೆಸುತ್ತಿದ್ದೀರಿ. ಹತ್ತು ದಿನದಿಂದ ಕುಂಟಿಲ್ಲ. ಲಾಯದವರು 'ಇನ್ನೇನು, ಬಯಲಿಗೆ ಬಿಡಿ, ತಾನಾಗಿಯೇ ಸರಿಹೋಗುತ್ತೆ' ಅನ್ನುತ್ತಿದ್ದಾರೆ.

ಕುಂಟು ನಿಂತಿದೆ ಎಂದರೆ ನೋವು ಇಳಿದಿದೆ ಎಂದಷ್ಟೇ ಅರ್ಥ. ಲಿಗಮೆಂಟ್ ಗಟ್ಟಿಯಾಗಿದೆಯೇ ಇಲ್ಲವೇ ಎನ್ನುವುದನ್ನು ಅದು ಹೇಳುವುದಿಲ್ಲ. ಈ ಲಿಗಮೆಂಟ್ ಮೊಣಕಾಲಿನ ಕೆಳಗೆ ಕ್ಯಾನನ್ ಮೂಳೆಯ ಹಿಂಬದಿಯಲ್ಲಿ ಹುಟ್ಟಿ, ಮೂಳೆಗೆ ಒತ್ತಿಕೊಂಡೇ ಇಳಿದು, ಕೊನೆಯಲ್ಲಿ ಎರಡು ಕವಲಾಗಿ, ಗೊರಸಿನ ಮೇಲಿರುವ ಫೆಟ್‌ಲಾಕ್ ಕೀಲಿನ ಹಿಂದಿರುವ ಎರಡು ಸೆಸಮಾಯ್ಡ್ ಮೂಳೆಗಳನ್ನು ಹಿಡಿಯುತ್ತದೆ. ಕುದುರೆ ಹೆಜ್ಜೆಯೂರಿದಾಗಲೆಲ್ಲ ಫೆಟ್‌ಲಾಕ್ ನೆಲದತ್ತ ಕುಸಿಯದ ಹಾಗೆ ತೂಗಿ ಹಿಡಿಯುವುದು ಮುಖ್ಯವಾಗಿ ಇದೇ. ರಕ್ತ ಸಂಚಾರ ಕಡಿಮೆಯಿರುವ ಜಾಗ, ಹಾಗಾಗಿ ಸ್ನಾಯುವಿನಷ್ಟು ಬೇಗ ಕೂಡುವುದಿಲ್ಲ. ಮೊದಲ ಎರಡು ವಾರ ಊತ, ಬಿಸಿ. ಆಮೇಲೆ ಗಾಯದ ಜಾಗ ತುಂಬಿಕೊಳ್ಳುವುದು ತೆಳುವಾದ, ಬಲವಿಲ್ಲದ ನಾರಿನಿಂದ, ಅದೂ ಅಡ್ಡಾದಿಡ್ಡಿಯಾಗಿ. ಆ ನಾರು ಹೋಗಿ ಗಟ್ಟಿ ನಾರು ಬಂದು, ಎಳೆತದ ದಿಕ್ಕಿಗೆ ಸಾಲಾಗಿ ಕೂಡಲು 6 ರಿಂದ 12 ತಿಂಗಳು ಬೇಕು. ನಿಮ್ಮ ಕುದುರೆಯ ಕಾಲಿನಲ್ಲಿ ಈಗ ಇರುವುದು ನಾರಿನ ಉಂಡೆ, ಹೊಸೆದ ಹಗ್ಗವಲ್ಲ. ನಡೆದರೆ ತಡೆಯುತ್ತದೆ. ಬಯಲಿನಲ್ಲಿ ಒಂದು ನಾಯಿ ಬೊಗಳಿ, ಕುದುರೆ ಹಾರಿ, ಗ್ಯಾಲಪ್‌ನಲ್ಲಿ ತಿರುಗಿ ನಿಂತರೆ ತಡೆಯುವುದಿಲ್ಲ. ಇಂಥ ಗಾಯಗಳು ಮತ್ತೆ ಹರಿಯುವುದು ಹೆಚ್ಚಾಗಿ ಈ ಹಂತದಲ್ಲೇ, 'ಚೆನ್ನಾಗಿದೆಯಲ್ಲ' ಅನ್ನಿಸಿದಾಗ. ಎರಡನೇ ಸಲ ಹರಿದದ್ದು ಮೊದಲಿನಷ್ಟು ಚೆನ್ನಾಗಿ ಕೂಡುವುದಿಲ್ಲ.

ಹಾಗೆಂದು ಲಾಯದಲ್ಲಿ ಕಟ್ಟಿ ನಿಲ್ಲಿಸುವುದೂ ತಪ್ಪು. ಎಳೆತವೇ ಬೀಳದಿದ್ದರೆ ನಾರಿಗೆ ಯಾವ ದಿಕ್ಕಿಗೆ ಸಾಲಾಗಬೇಕೆಂಬ ಸೂಚನೆಯೇ ಸಿಗುವುದಿಲ್ಲ. ಹಾಗಾಗಿ ಅಳೆದು ಕೊಡುವ ನಡಿಗೆಯೇ ಇಲ್ಲಿ ಔಷಧ. ಉಳಿದದ್ದೆಲ್ಲ, ದುಬಾರಿ ಇಂಜೆಕ್ಷನ್ನೂ ಸೇರಿ, ಪಕ್ಕವಾದ್ಯ.

ಎಂಟನೇ ವಾರಕ್ಕೆ ಮತ್ತೊಂದು ಅಲ್ಟ್ರಾಸೌಂಡ್ ಮಾಡಿಸಿ. ಎರಡೂ ಮುಂಗಾಲುಗಳದ್ದು, ಅದೇ ವೈದ್ಯರಿಂದ, ಸಾಧ್ಯವಾದರೆ ಅದೇ ಯಂತ್ರದಲ್ಲಿ. ಕೇಳಬೇಕಾದ ಪ್ರಶ್ನೆ ಮೂರು: ಕಪ್ಪಾಗಿ ಕಾಣುತ್ತಿದ್ದ ಭಾಗ ಎಷ್ಟು ತುಂಬಿದೆ, ಉದ್ದಕ್ಕೆ ನೋಡಿದಾಗ ನಾರುಗಳು ಸಾಲಾಗಿ ಕಾಣುತ್ತಿವೆಯೇ, ಅಡ್ಡ ಕೊಯ್ತದ ಅಳತೆ ಹಿಂದಿನದಕ್ಕಿಂತ ಹೆಚ್ಚಾಗಿದೆಯೇ ಕಡಿಮೆಯಾಗಿದೆಯೇ. ವ್ಯಾಯಾಮ ಹೆಚ್ಚಿಸಿದ ಮೇಲೆ ಅಳತೆ ದಪ್ಪವಾಗಿದ್ದರೆ ನೀವು ಮುಂದೆ ಓಡಿದ್ದೀರಿ ಎಂದರ್ಥ. ಮೇಲ್ತುದಿಯ ಗಾಯಕ್ಕೆ ಇದು ಇನ್ನೂ ಮುಖ್ಯ, ಯಾಕೆಂದರೆ ಲಿಗಮೆಂಟಿನ ಆ ಭಾಗ ಎರಡು ಸಣ್ಣ ಸ್ಪ್ಲಿಂಟ್ ಮೂಳೆಗಳ ನಡುವೆ ಹುದುಗಿರುತ್ತದೆ. ಊದಿದರೂ ಹೊರಗೆ ಕಾಣುವುದು ಕಡಿಮೆ.

ಸ್ಕ್ಯಾನ್ ಸಮಾಧಾನಕರ ಎಂದಾದರೆ ಹೀಗೆ ಸಾಗಬಹುದು. ವೈದ್ಯರು ಕಾಲು ನೋಡಿ ಹೆಚ್ಚುಕಡಿಮೆ ಮಾಡಲಿ. 8ನೇ ವಾರ ದಿನಕ್ಕೆರಡು ಸಲ 15 ನಿಮಿಷ ನಡಿಗೆ. ಅಲ್ಲಿಂದ ವಾರಕ್ಕೆ 5 ನಿಮಿಷ ಸೇರಿಸುತ್ತ ಹೋದರೆ 11ನೇ ವಾರಕ್ಕೆ ಎರಡು ಹೊತ್ತೂ 30 ನಿಮಿಷ. 12ನೇ ವಾರ ಅಲ್ಲೇ ನಿಲ್ಲಿಸಿ ಮತ್ತೆ ಸ್ಕ್ಯಾನ್. ಅದೂ ಸರಿಯಿದ್ದರೆ 13ನೇ ವಾರದಿಂದ ತಡಿ ಹಾಕಿ ಹತ್ತಬಹುದು, ನಡಿಗೆಯಲ್ಲಿ ಮಾತ್ರ. ಮೊದಲು 20 ನಿಮಿಷ, 16ನೇ ವಾರಕ್ಕೆ 40. ಹಗುರವಾದ, ಅಲುಗಾಡದೆ ಕೂರುವ ಸವಾರ ಬೇಕು, ಕಲಿಯುವವರನ್ನು ಹತ್ತಿಸಬೇಡಿ. 17ನೇ ವಾರದಲ್ಲಿ ಟ್ರಾಟ್ (ನಡಿಗೆಗಿಂತ ಚುರುಕಾದ ಪುಟ್ಟ ಓಟ): 20 ನಿಮಿಷ ನಡೆಸಿದ ಮೇಲೆ, ನೇರ ದಾರಿಯಲ್ಲಿ, ಎರಡು ಮೂರು ತುಂಡುಗಳಾಗಿ, ಒಟ್ಟು 5 ನಿಮಿಷ. ಎರಡು ವಾರಕ್ಕೊಮ್ಮೆ 5 ನಿಮಿಷ ಹೆಚ್ಚಿಸಿ, 20 ನಿಮಿಷಕ್ಕೆ ಬಂದಾಗ ನಿಲ್ಲಿಸಿ. ಅಷ್ಟರಲ್ಲಿ ಆರು ತಿಂಗಳು ಹತ್ತಿರ ಬಂದಿರುತ್ತದೆ. ಕ್ಯಾಂಟರಿಗೆ (ಟ್ರಾಟಿಗಿಂತ ವೇಗದ ಓಟ) ಮುಂಚೆ ಇನ್ನೊಂದು ಸ್ಕ್ಯಾನ್. ಆಮೇಲೆ ದಿನ ಬಿಟ್ಟು ದಿನ, ನೇರಕ್ಕೆ, 3 ರಿಂದ 5 ನಿಮಿಷ. 20 ಮೀಟರ್ ವೃತ್ತ ಅದರ ನಂತರ. ಜಿಗಿತ 9 ತಿಂಗಳಿಗೆ ಮೊದಲು ಯೋಚಿಸಲೇಬೇಡಿ.

ಸಮಯ, ನಡೆ, ನೆಲ, ಸವಾರನ ತೂಕ ಇವುಗಳಲ್ಲಿ ಒಂದು ವಾರಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡು ಒಟ್ಟಿಗೆ ಬದಲಿಸಿ ಕಾಲು ಬಿಸಿಯಾದರೆ ತಪ್ಪು ಯಾವುದರದ್ದು ಎಂದು ಗೊತ್ತಾಗುವುದಿಲ್ಲ.

ನೆಲದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 'ಮೆತ್ತಗಿದೆ, ಕಾಲಿಗೆ ಒಳ್ಳೆಯದು' ಎಂದು ಮರಳು ತುಂಬಿದ ಅರೀನಾಗೆ ಒಯ್ಯುತ್ತಾರೆ. ಆಳವಾದ ಮರಳಿನಲ್ಲಿ ಗೊರಸು ಹೂತು, ಕುದುರೆ ಅದನ್ನು ಕಿತ್ತು ಮುಂದಿಡಬೇಕಾದಾಗ ಈ ಲಿಗಮೆಂಟಿನ ಮೇಲೆ ಬೀಳುವ ಎಳೆತ ಜಾಸ್ತಿ. ನಡಿಗೆಗೆ ಗಟ್ಟಿಯಾಗಿ ಕೂತ ಮಣ್ಣಿನ ದಾರಿ ಒಳ್ಳೆಯದು, ಗುಂಡಿಯಿಲ್ಲದ ಟಾರು ರಸ್ತೆಯೂ ಆದೀತು. ಟ್ರಾಟಿಗೆ ಟಾರು ಬೇಡ. ಸಮತಟ್ಟಾದ, ಸ್ವಲ್ಪ ಬಿಟ್ಟುಕೊಡುವ ಮಣ್ಣು ಇರಲಿ. ಮಳೆಗಾಲದಲ್ಲಿ ಕೆಂಪು ಮಣ್ಣು ಜಾರುತ್ತದೆ. ಅಂಥ ದಿನ ಲಾಯದ ಓಣಿಯಲ್ಲೇ ಹಿಂದೆಮುಂದೆ ನಡೆಸಿ, ತಿರುವುಗಳನ್ನು ನಿಧಾನವಾಗಿ, ಅಗಲವಾಗಿ ತೆಗೆದುಕೊಳ್ಳಿ. ಹಗ್ಗ ಹಿಡಿದು ಸುತ್ತು ಹೊಡೆಸುವ ಲಂಜಿಂಗ್ ಕಡೆಯ ಹಂತದವರೆಗೂ ನಿಷಿದ್ಧ. 'ಹತ್ತುವ ಮುಂಚೆ ಐದು ನಿಮಿಷ ಲಂಜ್ ಮಾಡಿ ಹುರುಪು ಇಳಿಸೋಣ' ಅನ್ನುವ ಅಭ್ಯಾಸವೇ ಎಷ್ಟೋ ಕಾಲುಗಳನ್ನು ಮತ್ತೆ ಕೆಡಿಸುತ್ತದೆ.

ಹುರುಪಂತೂ ಬರುತ್ತದೆ, ಥರೋಬ್ರೆಡ್ ಅಲ್ಲವೇ. ಹೊರಗೆ ತರುವಾಗ ಬರಿ ಹಾಲ್ಟರ್ ಸಾಲದು. ಲಗಾಮು ಹಾಕಿ, ಅಥವಾ ಮೂಗಿನ ಮೇಲೆ ಸರಪಳಿ ಹಾಯಿಸಿ. ಹಿಡಿಯುವ ಕುದುರೆಯಾಳು, ಅಂದರೆ ಸೈಸ್‌ಗೆ ಹೆಲ್ಮೆಟ್, ಕೈಗವಸು, ಗಟ್ಟಿ ಬೂಟು. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು. ಬೇರೆ ಕುದುರೆಗಳ ಗ್ಯಾಲಪ್ ಮುಗಿದು ಲಾಯ ತಣ್ಣಗಾದ ಹೊತ್ತನ್ನು ಆರಿಸಿಕೊಳ್ಳಿ. ಆದರೂ ಎರಡು ಕಾಲಿನ ಮೇಲೆ ನಿಲ್ಲುತ್ತಿದ್ದರೆ ವೈದ್ಯರನ್ನು ಕೇಳಿ ಸೌಮ್ಯವಾದ ಮಂಪರಿನ ಔಷಧ ಕೊಡಿಸಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ; ಒಂದು ನೆಗೆತ ಎರಡು ತಿಂಗಳ ಕೆಲಸವನ್ನು ತಿಂದುಹಾಕುತ್ತದೆ.

ಹುರುಪಿನ ಅರ್ಧ ಪಾಲು ಬಕೆಟ್ಟಿನಿಂದ ಬರುತ್ತದೆ. ಕೆಲಸವಿಲ್ಲದ ಕುದುರೆಗೆ ಓಟ್ಸ್, ಬಾರ್ಲಿ, ಬೇಯಿಸಿದ ಹುರುಳಿಯನ್ನು ಮೊದಲಿನಂತೆ ಹಾಕಿದರೆ ಅದು ಗೋಡೆಗೆ ಒದೆಯುತ್ತದೆ. ಧಾನ್ಯವನ್ನು ಬಹುತೇಕ ನಿಲ್ಲಿಸಿ. 450 ಕೆ.ಜಿ.ಯ ಕುದುರೆಗೆ ದಿನಕ್ಕೆ 8 ರಿಂದ 9 ಕೆ.ಜಿ. ಒಣಹುಲ್ಲು, ನಾಲ್ಕು ಪಾಲು ಮಾಡಿ, ಸಣ್ಣ ಕಣ್ಣಿನ ಬಲೆಯಲ್ಲಿ. ಅದರಲ್ಲಿ ಒಂದು ಕೆ.ಜಿ.ಯಷ್ಟು ಒಣಗಿಸಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಇರಲಿ. ಖನಿಜ ಮಿಶ್ರಣ, ಜೊತೆಗೆ ಸುಮಾರು 30 ಗ್ರಾಂ ಉಪ್ಪು. 'ಹಗುರ ಆಹಾರ' ಎಂದು ಬರೀ ಗೋಧಿ ಬೂಸಾ ಸುರಿಯಬೇಡಿ: ಅದರಲ್ಲಿ ರಂಜಕ (ಫಾಸ್ಫರಸ್) ಸುಣ್ಣಕ್ಕಿಂತ (ಕ್ಯಾಲ್ಸಿಯಂ) ಸುಮಾರು ಹತ್ತು ಪಟ್ಟು ಹೆಚ್ಚು, ತಿಂಗಳುಗಟ್ಟಲೆ ತಿನ್ನಿಸಿದರೆ ದೇಹ ಮೂಳೆಯಿಂದ ಸುಣ್ಣ ಎಳೆದುಕೊಳ್ಳುತ್ತದೆ. ನಿಂತೇ ಇರುವ ಕುದುರೆಗೆ ಹೊಟ್ಟೆ ಕಟ್ಟುವುದೂ ಬೇಗ. ನೀರು ದಿನಕ್ಕೆ 25 ರಿಂದ 40 ಲೀಟರ್ ಹೋಗುತ್ತಿದೆಯೇ, ಲದ್ದಿ 8 ರಿಂದ 12 ಸಲ ಬೀಳುತ್ತಿದೆಯೇ ಎಂದು ಸೈಸ್ ಲೆಕ್ಕ ಇಡಲಿ. ಲದ್ದಿ ಒಣಗಿ ಸಣ್ಣಗಾದರೆ ಅವತ್ತೇ ಫೋನ್ ಮಾಡಿ.

ದಿನಾ ಬೆಳಗ್ಗೆ, ಹೊರಗೆ ತರುವ ಮುಂಚೆ, ಎರಡೂ ಕಾಲು ಮುಟ್ಟಿ ನೋಡಿ. ಮೊದಲು ಅಂಗೈಯ ಹಿಂಭಾಗದಿಂದ ಬಿಸಿ. ಆಮೇಲೆ ಕಾಲೆತ್ತಿ ಮೊಣಕಾಲು ಮಡಿಸಿ ಹಿಡಿದು, ಹಿಂದಿನ ಸ್ನಾಯುರಜ್ಜು, ಅಂದರೆ ಟೆಂಡನ್‌ಗಳನ್ನು ಪಕ್ಕಕ್ಕೆ ಸರಿಸಿ, ಮೂಳೆಗೆ ಅಂಟಿದ ಲಿಗಮೆಂಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮೇಲಿಂದ ಕೆಳಕ್ಕೆ ಒತ್ತುತ್ತ ಬನ್ನಿ. ಎಡಗಾಲಿಗೆ ಕೊಸರಿ, ಬಲಗಾಲಿಗೆ ಕೊಸರದಿದ್ದರೆ ಅದು ನೋವು. ಎರಡೂ ಕಾಲು ಸಮನಾಗಿ ತುಂಬಿಕೊಂಡು, ಬಿಸಿಯಿಲ್ಲದೆ, ನಡೆಸಿದ ಮೇಲೆ ಇಳಿದರೆ ಅದು ನಿಂತು ನಿಂತು ಬಂದ ನೀರು, ಹೆದರಬೇಡಿ. ಒಂದೇ ಕಾಲು, ಅದರಲ್ಲೂ ಬಿಸಿ ಇದ್ದರೆ ಅವತ್ತಿನ ಕೆಲಸ ರದ್ದು. ವಾರಕ್ಕೊಮ್ಮೆ ಗಟ್ಟಿ ನೆಲದಲ್ಲಿ ನಡಿಗೆಯನ್ನು ಮುಂದಿನಿಂದ, ಪಕ್ಕದಿಂದ ಫೋನಿನಲ್ಲಿ ಹಿಡಿದಿಡಿ. ನೋಯುವ ಮುಂಗಾಲು ಊರಿದಾಗ ತಲೆ ಮೇಲೇಳುತ್ತದೆ. ತಿಂಗಳ ಹಿಂದಿನ ವಿಡಿಯೊ ಪಕ್ಕ ಇಟ್ಟರೆ ಬೇಗ ಕಣ್ಣಿಗೆ ಬೀಳುತ್ತದೆ. ಏನಾದರೂ ಅನುಮಾನ ಬಂದರೆ ಎರಡು ವಾರ ಹಿಂದಿನ ಮಟ್ಟಕ್ಕೆ ಇಳಿಸಿ, ಸ್ಕ್ಯಾನಿಗೆ ಹೇಳಿ.

ಈ ಪರೀಕ್ಷೆಗಳೆಲ್ಲ ಸುಳ್ಳಾಗುವುದು ನೋವಿನ ಔಷಧದಿಂದ. ಫೆನೈಲ್‌ಬ್ಯುಟಜೋನ್ ಕೊಟ್ಟು ನಡೆಸಿ 'ಕುಂಟುತ್ತಿಲ್ಲ' ಅಂದರೆ ಅದು ಔಷಧದ ಮಾತು. ಊತ ಹೆಚ್ಚಿರುವ ಮೊದಲ ದಿನಗಳಿಗೆ ಅದು ಸರಿ, ಈಗ ಬೇಡ. ಶಾಕ್‌ವೇವ್ (ಗಾಯದ ಜಾಗಕ್ಕೆ ಒತ್ತಡದ ಅಲೆ ಹಾಯಿಸುವ ಚಿಕಿತ್ಸೆ) ಮಾಡಿಸಿದರೂ ಅಷ್ಟೇ, ಅದಾದ ಮೇಲೆ ಕೆಲವು ದಿನ ಆ ಜಾಗ ಮರಗಟ್ಟಿದಂತಿರುತ್ತದೆ. ಆ ವಾರ ವ್ಯಾಯಾಮ ಹೆಚ್ಚಿಸಬಾರದು. ಸಾಮಾನ್ಯವಾಗಿ ಎರಡು ವಾರದ ಅಂತರದಲ್ಲಿ ಮೂರು ಸಲ ಮಾಡುತ್ತಾರೆ, ಮೇಲ್ತುದಿಯ ಗಾಯಕ್ಕೆ ಕೇಳಿ ನೋಡುವಂಥ ಚಿಕಿತ್ಸೆಯೇ. ಕುದುರೆಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಇಂಜೆಕ್ಷನ್ (ಪಿಆರ್‌ಪಿ) ಗಾಯದೊಳಗೆ ಖಾಲಿ ಜಾಗ ಕಾಣುತ್ತಿದ್ದರೆ ಮಾತ್ರ ನನಗೆ ಅರ್ಥಪೂರ್ಣ ಅನ್ನಿಸುತ್ತದೆ. ಅದು ನಡಿಗೆಯ ತಿಂಗಳುಗಳನ್ನು ಉಳಿಸುವುದಿಲ್ಲ. ಬರೆ ಹಾಕಿಸುವುದು, ಚರ್ಮ ಸುಟ್ಟು ಬೊಬ್ಬೆ ಬರಿಸುವ ಲೇಪ, ಇವೆರಡನ್ನೂ ಯಾರು ಎಷ್ಟೇ ಅನುಭವದ ಮಾತೆಂದು ಹೇಳಿದರೂ ಒಪ್ಪಬೇಡಿ. ಹೊಸ ಗಾಯ ಆಗುತ್ತದೆ, ಒಳಗಿನ ಲಿಗಮೆಂಟಿಗೆ ಏನೂ ಆಗುವುದಿಲ್ಲ.

ಬ್ಯಾಂಡೇಜ್ ಕಟ್ಟುವುದಾದರೆ ಎರಡೂ ಮುಂಗಾಲಿಗೆ ಕಟ್ಟಿ. ಒಳಗೆ ಕನಿಷ್ಠ ಒಂದಿಂಚು ದಪ್ಪದ ಹತ್ತಿ, ಸುಕ್ಕಿಲ್ಲದೆ. ಮುಂದಿನಿಂದ ಹೊರಬದಿಗೆ, ಅಲ್ಲಿಂದ ಹಿಂದಕ್ಕೆ, ಒಳಬದಿಗೆ ಸುತ್ತುತ್ತ, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಲಿ. ಮೇಲೆ ಕೆಳಗೆ ಅರ್ಧ ಇಂಚು ಹತ್ತಿ ಕಾಣಬೇಕು. ಒಂದು ಬೆರಳು ಕಷ್ಟಪಟ್ಟು ತೂರುವಷ್ಟು ಬಿಗಿ ಸಾಕು. 12 ಗಂಟೆಗೊಮ್ಮೆ ಬಿಚ್ಚಿ. ಒದ್ದೆಯಾದ ಬ್ಯಾಂಡೇಜನ್ನು ಬಿಟ್ಟರೆ ಮಳೆಗಾಲದಲ್ಲಿ ಎರಡೇ ದಿನದಲ್ಲಿ ಚರ್ಮ ಕೆಡುತ್ತದೆ. ಕೆಳಗೆ ಲಿನಿಮೆಂಟ್ (ನೋವಿಗೆ ತಿಕ್ಕುವ ಔಷಧ) ಸವರಿ ಮೇಲೆ ಬ್ಯಾಂಡೇಜ್ ಕಟ್ಟಬೇಡಿ, ಸುಡುತ್ತದೆ.

ಲಾಳದ ಬಗ್ಗೆ ನೀವು ಕೇಳಿಲ್ಲ, ಆದರೆ ಅದೇ ದೊಡ್ಡ ವಿಷಯ. ಟೆಂಡನ್ ಗಾಯಕ್ಕೂ ಇದಕ್ಕೂ ಒಂದೇ ಎಂದು ತಿಳಿದು ಹಿಮ್ಮಡಿ ಎತ್ತರಿಸುವ ವೆಡ್ಜ್ ಹಾಕುವವರಿದ್ದಾರೆ. ಹಿಮ್ಮಡಿ ಎತ್ತಿದರೆ ಕಾಲಿನ ಹಿಂದೆ ಗೊರಸಿನವರೆಗೆ ಇಳಿಯುವ ಆಳದ ಫ್ಲೆಕ್ಸರ್ ಟೆಂಡನ್ ಸಡಿಲವಾಗಿ, ಫೆಟ್‌ಲಾಕಿನ ಭಾರ ಇನ್ನಷ್ಟು ಸಸ್ಪೆನ್ಸರಿಯ ಮೇಲೆ ಬೀಳುತ್ತದೆ. ಬೇಕಾದದ್ದು ಅದರ ಉಲ್ಟಾ: ಮುಂತುದಿ ಅಗಲ, ಹಿಂದಿನ ತೋಳುಗಳು ಕಿರಿದಾದ ಲಾಳ. ಮೆತ್ತನೆಯ ನೆಲದಲ್ಲಿ ಮುಂಭಾಗ ಹೂಳದೆ ಹಿಂಭಾಗ ತುಸು ಇಳಿದು, ಆ ಟೆಂಡನ್ ಬಿಗಿಯಾಗಿ ಭಾರ ಹಂಚಿಕೊಳ್ಳುತ್ತದೆ. ರೇಸ್ ಕುದುರೆಗಳಲ್ಲಿ ಗೊರಸಿನ ಮುಂತುದಿ ಉದ್ದ, ಹಿಮ್ಮಡಿ ತಗ್ಗು ಇರುವುದು ಸಾಮಾನ್ಯ. ವೆಡ್ಜ್ ಇಲ್ಲದೆಯೇ ಮುಂತುದಿ ಹಿಂದಕ್ಕೆ ತರುತ್ತ 5 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸಮ ಮಾಡಿಸಿ. ಲಾಳದವರಿಗೆ ಬಾಯಲ್ಲಿ ಹೇಳಿ ಕಳಿಸುವ ಬದಲು ಅವರನ್ನೂ ವೈದ್ಯರನ್ನೂ ಒಂದೇ ದಿನ ಕರೆಸಿ, ಎಕ್ಸ್-ರೇ ಮುಂದಿಟ್ಟು ಮಾತಾಡಿಸಿ.

ಬಯಲಿಗೆ ಬಿಡುವುದು ಯಾವಾಗ ಎಂದರೆ, 20 ನಿಮಿಷದ ಟ್ರಾಟನ್ನು ಎರಡು ವಾರ ತೊಂದರೆಯಿಲ್ಲದೆ ತಡೆದುಕೊಂಡ ಮೇಲೆ. ಅದೂ ಇಡೀ ಬಯಲಲ್ಲ, 20 ಅಡಿಗೆ 20 ಅಡಿ ಬೇಲಿ ಹಾಕಿದ ಜಾಗ, ಅಲ್ಲಿ ಓಟ ಕಟ್ಟಲು ಆಗುವುದಿಲ್ಲ. ಮೊದಲ ದಿನ ಕೆಲಸ ಮುಗಿಸಿ ದಣಿದಿರುವಾಗ, ಮುಂದೆ ಹುಲ್ಲು ಹಾಕಿ, ವೈದ್ಯರು ಹೇಳಿದ ಮಂಪರಿನ ಔಷಧ ಕೊಟ್ಟು, ಅರ್ಧ ಗಂಟೆ. ಬೇಲಿಯಾಚೆ ಶಾಂತ ಸ್ವಭಾವದ ಮುದಿ ಕುದುರೆಯೊಂದು ಕಣ್ಣಿಗೆ ಕಾಣುವಂತಿರಲಿ, ಒಳಗೆ ಮಾತ್ರ ಬೇಡ. ಸೈಸ್ ಹಗ್ಗ ಹಿಡಿದು ಅಲ್ಲೇ ನಿಂತಿರಲಿ.